ಸದ್ದಿಲ್ಲದ ಬಾಗಿಲು

ನಾಟಕ ಕಂಪನಿಯ ಬಡಗಿ ಸೊಟ್ಟ ಕಂಡರೆ ಸಹಿಸುವವನಲ್ಲ. ಊಟದ ತಟ್ಟೆ ಓರೆಯಿದ್ದರೂ ನೆಟ್ಟಗೆ ಮಾಡಿಯೇ ಕೈ ಹಾಕುವ ಆಸಾಮಿ. ಅಂಥವನಿಗೆ ರಂಗದ ಮೇಲೆ ಪಾಳುಮನೆ ಕಟ್ಟು ಎಂದರೆ ಹೇಗಾಗಿರಬೇಡ! ಅವನು ಚೆಂದವಾಗಿ ಕಟ್ಟುವುದು, ಹೆಂಡತಿ ಬಣ್ಣ ಹಚ್ಚಿ ಅದನ್ನು ಹಾಳುಗೆಡಹುವುದು. ಸಂಸಾರ ಹೀಗೇ ಸುಖವಾಗಿ ಸಾಗಿತ್ತು.

ಆದರೆ ಹೋದ ಸಲದ ದೆವ್ವದ ನಾಟಕಕ್ಕೆ ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಈ ಸಲವೂ ನಕ್ಕರೆ ರಂಗಸಜ್ಜಿಕೆಯ ಕೆಲಸ ಹೊರಗಿನವರಿಗೆ ಎಂದು ಮಾಲೀಕರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಹಾಗಾಗಿ ಅವಳು ಭಯಕ್ಕೆ ಕೊರತೆ ಮಾಡಲಿಲ್ಲ. ಗೋಡೆ ತುಂಬ ಬಿರುಕು, ಮೂಲೆಮೂಲೆಗೂ ಜೇಡರಬಲೆ, ಸೂರಿನಲ್ಲಿ ಬಾವಲಿ, ಸಾಲದ್ದಕ್ಕೆ ಕಿಟಕಿಯ ಮೇಲೊಂದು ತಲೆಬುರುಡೆ. ತಾಲೀಮು ನೋಡಲು ಬಂದಿದ್ದ ಅತ್ತೆ, ಪರದೆ ಸರಿದದ್ದೇ ತಡ, ನಕ್ಕುಬಿಟ್ಟರು.

"ಇಷ್ಟು ಕೊಳೆ ಇರೋ ಮನೇಲಿ ದೆವ್ವಾನೂ ಇರಲ್ಲ ಕಣೆ," ಎಂದರು.

ಸೊಸೆಗೆ ಉರಿದುಹೋಯಿತು. ಆದರೆ ಮನೆಗೆ ಹೋಗಿ ಯೋಚಿಸಿದರೆ, ಅತ್ತೆ ಹೇಳಿದ್ದರಲ್ಲಿ ತಪ್ಪೇನಿದೆ? ಜೇಡರಬಲೆ ಕಂಡರೆ ಅವಳು ಪೊರಕೆ ಹುಡುಕುತ್ತಾಳೆಯೇ ಹೊರತು ಹೆದರುವುದಿಲ್ಲ. ಈ ಮನೆಯಲ್ಲಿ ಹೆದರಿದ್ದು ಒಂದೇ ಸಲ. ತಾನೇ ಮುಚ್ಚಿ ಬಂದಿದ್ದ ಕೋಣೆಯ ಬಾಗಿಲು, ತಿರುಗಿ ನೋಡಿದರೆ ತೆರೆದಿತ್ತು. ಹಾಡುಹಗಲು, ಒಲೆಯ ಮೇಲೆ ಹಾಲು, ಮಿಕ್ಕಿದ್ದೆಲ್ಲ ಇದ್ದಹಾಗೇ ಇತ್ತು. ಅದಕ್ಕೇ ಅಷ್ಟು ಹೆದರಿಕೆಯಾಗಿದ್ದು.

ಮಾರನೆಯ ದಿನ ಬಾವಲಿ, ಬುರುಡೆಗಳ ಮೇಲೆಲ್ಲ ಬಿಳಿ ಬಳಿದಳು. ಶುಭ್ರವಾದ ಗೋಡೆ, ಹಾಸಿಗೆ ಹಾಸಿದ ಮಂಚ, ಕಿಟಕಿಗೆ ಹೂವಿನ ಪರದೆ. ಹಿಂದೆ ಒಂದು ಬಾಗಿಲು, ಅದರಾಚೆ ಕಪ್ಪು ಬಟ್ಟೆ. ಬಾಗಿಲು ಕಿರ್ರೆನ್ನಬೇಕು, ಮಂಚದ ಮೇಲೆ ಬಟ್ಟೆ ಮಡಚುತ್ತಿರುವ ನಟಿ ಆ ಸದ್ದಿಗೆ ತಿರುಗಿ ಕಿರುಚಬೇಕು ಎಂಬುದು ನಿರ್ದೇಶಕರ ಅಪ್ಪಣೆ. ಸದ್ದಿಗೆಂದೇ ತುಕ್ಕು ಹಿಡಿದ ಕೀಲು ಹುಡುಕಿ ತಂದಿದ್ದರು.

ತಾಲೀಮು ಶುರುವಾಯಿತು. ಮರೆಯಲ್ಲಿ ನಿಂತು ಬಡಗಿ ದಾರ ಎಳೆದ. ಕಿರ್ರೂ ಇಲ್ಲ, ಕುಂಯ್ಯೂ ಇಲ್ಲ, ಬಾಗಿಲು ತೆಪ್ಪಗೆ ತೆರೆದುಕೊಂಡಿತು. ಹುಟ್ಟುಗುಣ ಸುಟ್ಟರೂ ಹೋಗದು. ಕಿರುಗುಡುವ ಬಾಗಿಲನ್ನು ಸಹಿಸಲಾರದೆ ಮಹಾಶಯ ಬೆಳಿಗ್ಗೆಯೇ ಕೀಲಿಗೆ ಎಣ್ಣೆ ಬಿಟ್ಟಿದ್ದ. ಹೋಯಿತು ಕೆಲಸ ಎಂದುಕೊಂಡಳು ಹೆಂಡತಿ.

ನಟಿಯೋ, ಸದ್ದಿಗೆ ಕಾಯುತ್ತ, ಏನೋ ಗುನುಗುತ್ತ ಬಟ್ಟೆ ಮಡಚುತ್ತಲೇ ಇದ್ದಳು. ಅವಳ ಬೆನ್ನ ಹಿಂದೆ ಬಾಗಿಲು ಪೂರ್ತಿ ತೆರೆದಿತ್ತು. ಬೈಯಲು ಎದ್ದ ನಿರ್ದೇಶಕರು ಹಾಗೇ ಕೂತರು. ಯಾರೂ ನಗಲಿಲ್ಲ, ಒಬ್ಬರೂ ಕೆಮ್ಮಲಿಲ್ಲ. ಪಕ್ಕದಲ್ಲಿದ್ದ ಅತ್ತೆ ಸೊಸೆಯ ತೋಳು ಹಿಡಿದುಕೊಂಡರು.

"ಅವಳಿಗೆ ಯಾರಾದ್ರೂ ಹೇಳ್ರೋ, ಬಾಗಿಲು ತೆಗೆದಿದೆ ಅಂತ."

ಬಾಗಿಲು ಹೀಗೇ ಇರಲಿ, ಮುಂದಿನ ನಾಟಕವೂ ನಿಮ್ಮದೇ ಎಂದು ಮಾಲೀಕರು ಹೇಳಿಹೋದರು. ಅವಳು ಗಂಡನಿಗೆ ಎಣ್ಣೆಯ ವಿಷಯಕ್ಕೆ ಮನಸಾರೆ ಬೈದಳು, ಬೈಯುತ್ತಲೇ ನಕ್ಕಳು. ಇಷ್ಟು ಸಂತೋಷ ಅವಳಿಗೆ ಈಚೆಗೆ ಆಗಿರಲೇ ಇಲ್ಲ.

ಎಲ್ಲರೂ ಹೊರಟ ಮೇಲೆ ಬಾಗಿಲು ಮುಚ್ಚಿ ಬರಲೆಂದು ರಂಗ ಹತ್ತಿದಳು. ಗೋಡೆ ಅವಳೇ ಬಳಿದದ್ದು, ಕಪ್ಪು ಬಟ್ಟೆ ಅವಳೇ ಹೊಲಿದದ್ದು. ಅದರಾಚೆ ಇರುವುದು ಒಂದು ಏಣಿ, ನಾಲ್ಕು ಬಣ್ಣದ ಡಬ್ಬಿ. ಬಾಗಿಲ ತನಕ ಹೋದವಳು ಅಲ್ಲೇ ನಿಂತಳು.

"ರೀ," ಎಂದು ಕರೆದಳು, "ಸ್ವಲ್ಪ ಬನ್ರೀ ಇಲ್ಲಿ. ಬಾಗಿಲು ನೀವೇ ಹಾಕಿ."