ತುಪ್ಪಳದೊಳಗಿನ ಕೈ

"ಏನೇ ಮೊಂಡುಗೈ, ತಂಗಿಗೆ ಕಾಗ್ದ ಬರುದ್ಯೋ ಇಲ್ವೋ?"

ವೆರೋನಾ ತಲೆಯೆತ್ತಲಿಲ್ಲ. ಬಾನಿಯ ನೀರು ಆಗಲೇ ಡಾಂಬರಿನಂತಾಗಿತ್ತು. ತಿಕ್ಕಬೇಕಾದ ಅಂಗಿಗಳು ಇನ್ನೂ ರಾಶಿ ಬಿದ್ದಿದ್ದವು. ಅವಳ ಮನೆಯಲ್ಲಿ ಬಾಡಿಗೆಗೆ ಮಲಗುವವರೆಲ್ಲ ಉಕ್ಕಿನ ಕಾರ್ಖಾನೆಯ ಆಳುಗಳು. ಒಬ್ಬ ಎದ್ದ ಹಾಸಿಗೆ ಆರುವ ಮೊದಲೇ ಇನ್ನೊಬ್ಬ ಬಂದು ಬೀಳುತ್ತಿದ್ದ.

ಬಾಗಿಲಲ್ಲಿ ನಿಂತಿದ್ದವನು ಹುದಾಕ್. ಅವಳಂತೆಯೇ ಸ್ಲೊವಾಕ್. ಪೆನ್ಸಿಲ್ವೇನಿಯಾಕ್ಕೆ ಮೊದಲೇ ಬಂದು, ಬಿಳಿ ಕಾಲರ್ ಕಟ್ಟಿಕೊಂಡು, ತಮ್ಮೂರಿನ ಹೆಣ್ಣುಮಕ್ಕಳನ್ನು ಕರೆಸಿ ಬೋಲ್ಟು ಕಾರ್ಖಾನೆಗೆ ತುಂಬಿ ದಲ್ಲಾಳಿ ತಿನ್ನುವವನು. ಕರೆಸುವ ಕಾಗದಕ್ಕೆ ಅಂಚೆಚೀಟಿಯೂ ಅವನದೇ.

"ಬರೀತೀನಿ."

"ಯಾವಾಗ? ಯೂಲಾ ಮುದುಕಿ ಆದ್ಮೇಲಾ? ನಾನೇ ಬರ್ಕೊಡ್ತೀನಿ ಅಂದ್ರೆ ಅದೂ ಬ್ಯಾಡ."

"ನೀ ಬರುದ್ರೆ ಈ ಚರಂಡೀಲೂ ಜೇನು ಹರೀತದೆ. ನಿನ್ ಬಾಯಿ ನಂಗೊತ್ತಿಲ್ವಾ, ನನ್ಮಗನೆ."

ಬೋಲ್ಟಿನ ಯಂತ್ರ ಅವಳ ಬಲಗೈಯ ನಡುವಿನ ಮೂರು ಬೆರಳು ತಿಂದಿತ್ತು. ಅದಾದ ಮೇಲೂ ಫೋಟೋದಂಗಡಿಗೆ ಹೋಗಿ, ಗರಿಯ ಟೋಪಿಯಿಟ್ಟು, ಕೈ ಬೆಚ್ಚಗಿಡುವ ತುಪ್ಪಳದ ಚೀಲದೊಳಗೆ ಎರಡೂ ಕೈ ತೂರಿಸಿ ಪಟ ತೆಗೆಸಿ ಊರಿಗೆ ಕಳಿಸಿದ್ದಳು. ಟೋಪಿ, ತುಪ್ಪಳ ಎರಡೂ ಅಂಗಡಿಯವನವು. ಆ ಬೀದಿಯ ಹೆಂಗಸರೆಲ್ಲ ಅದೇ ಟೋಪಿಯಲ್ಲಿ ತಂತಮ್ಮ ಊರಿನ ಗೋಡೆ ಸೇರಿದ್ದರು. ಪಟ ನೋಡಿದ ಯೂಲಾ, 'ಬಾ ಅಂದರೆ ಸಾಕು ಅಕ್ಕಾ, ಹೊರಟೆ' ಎಂದು ಬರೆದಿದ್ದಳು. ಬಾ ಅನ್ನಲು ಮನಸ್ಸಾಗಲಿಲ್ಲ. ಬೇಡ ಎಂದು ಬರೆದರೆ ಆ ಸೊಟ್ಟ ಅಕ್ಷರ ನೋಡಿ ಅವ್ವನಿಗೆ ಕೈಯ ಗತಿ ಗೊತ್ತಾಗಿಬಿಡುತ್ತದೆ. ಚಳಿಗಾಲ ಹಾಗೇ ಕಳೆಯುತ್ತಿತ್ತು.

ಅಂದು ಹುದಾಕನ ಹಿಂದೆ ಒಬ್ಬ ದೊರೆಸಾನಿಯೂ ಇದ್ದಳು. ಬಡವರ ಉದ್ಧಾರದ ಸಂಘದ ಮಿಸ್ ಹ್ಯಾಲೊವೆಲ್. ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಮೂಗಿಗೊತ್ತಿದ ಕರವಸ್ತ್ರ. ಗೋಡೆಯ ಕಸೂತಿ ಬಟ್ಟೆ ತೋರಿಸಿ ಏನೋ ಅಂದಳು.

"ಅದ್ನ ತೆಗೀಬೇಕಂತೆ," ಎಂದ ಹುದಾಕ್.

"ನಮ್ಮವ್ವ ಹಾಕಿದ್ ಕಸೂತಿ. ಯಾಕೆ ತೆಗೀಬೇಕು?"

"ಚಂದಾಗ್ ಕಂಡ್ರೆ ಯಾವನ್ ಅಯ್ಯೋ ಅಂತಾನೆ? ಮುಖಕ್ಕೂ ಒಸಿ ಮಸಿ ಬಳ್ಕೊ. ಆ ಮೊಂಡುಗೈ ಮುಂದಕ್ಕಿಡು."

"ಇವಳ ಬಾಯಿಗ್ ಮಣ್ ಹಾಕ! ಈ ಊರಲ್ಲಿ ಮಸಿಗೆ ಬರ ಬಂದದಾ?"

ಹುದಾಕ್ ದೊರೆಸಾನಿಯತ್ತ ತಿರುಗಿ ಹಲ್ಲುಕಿರಿದು ಇಂಗ್ಲಿಷಿನಲ್ಲಿ ಏನೋ ಹೇಳಿದ. ಅವಳು ಸಂತೋಷದಿಂದ ತಲೆಯಾಡಿಸಿ ಪಟ ತೆಗೆದಳು. ತೆಗೆದಾದ ಮೇಲೆ ಕಣ್ಣೊರೆಸಿಕೊಂಡಳು.

ಹಿಮ ಕರಗುವ ಹೊತ್ತಿಗೆ ಇಬ್ಬರೂ ಮತ್ತೆ ಬಂದರು. ಪಟದ ಒಂದು ಪ್ರತಿ ತಂದಿದ್ದರು: ಬರಿಗೋಡೆ, ಮುಂದಕ್ಕೆ ಚಾಚಿದ ಮೊಂಡುಗೈ.

"ಪಟ್ಣದಲ್ಲಿ ದೊಡ್ಡೋರೆಲ್ಲ ಇದ್ನ ನೋಡಿ ಅತ್ರಂತೆ."

"ಬೋಲ್ಟ್ ಕಾರ್ಖಾನೆ ಧಣೀನೂ?"

"ಅವ್ರೇ ಮೊದ್ಲು. ಊಟ ಆದ್ಮೇಲೆ."

"ಮತ್ತೆ ಯಂತ್ರಕ್ಕೆ ಅಡ್ಡ ತಗಡು ಹಾಕ್ಸ್ತಾರಂತಾ?"

"ಅದೆಲ್ಲ ನಂಗೇನ್ ಗೊತ್ತು? ನಿಮ್ಗೆಲ್ಲ ಕೈ ತೊಳ್ಯೋದ್ ಕಲಿಸ್ತಾರಂತೆ."

ದೊರೆಸಾನಿ ನಗುತ್ತಾ ಒಂದು ಸೋಪು ಚಾಚಿದಳು. ವೆರೋನಾ ಅದನ್ನು ಉಳಿದೆರಡು ಬೆರಳಲ್ಲೇ ಹಿಡಿದುಕೊಂಡಳು. ದೊರೆಸಾನಿ ತನ್ನ ಕೈ ಬೇಗ ಹಿಂದಕ್ಕೆಳೆದುಕೊಂಡಳು.

ಅವರು ಹೋದ ಮೇಲೆ ವೆರೋನಾ ಕಸೂತಿ ಬಟ್ಟೆಯನ್ನು ಆ ಸೋಪಿನಲ್ಲೇ ಒಗೆದು ಮತ್ತೆ ಗೋಡೆಗೆ ಹಾಕಿದಳು. ಆಮೇಲೆ ಹೆಬ್ಬೆರಳಿಗೂ ಕಿರುಬೆರಳಿಗೂ ನಡುವೆ ಪೆನ್ಸಿಲ್ ಸಿಕ್ಕಿಸಿಕೊಂಡು ಕೂತಳು. ಅಕ್ಷರಗಳು ಕಾಲು ಮುರಿದ ಕೋಳಿಯಂತೆ ಕುಂಟಿದವು.

'ಯೂಲಾ, ಮೊದಲನೆಯ ಪಟ ಅಂಗಡಿಯವನದು. ಇದು ನನ್ನದು. ಬರಬೇಡ. ಅವ್ವನಿಗೂ ತೋರಿಸು.'

ಪಟವನ್ನು ಒಳಗಿಟ್ಟು, ಹಿಟ್ಟಿನ ಅಂಟಿನಿಂದ ಲಕೋಟೆಯ ಬಾಯಿ ಮುಚ್ಚಿದಳು.

ಮುಂದಿನ ವಾರ ಹುದಾಕ್ ಬಂದಾಗ, ಅವನು ಕೇಳುವ ಮೊದಲೇ ಲಕೋಟೆಯನ್ನು ಅವನ ಕೈಗಿತ್ತಳು.

"ಅಬ್ಬಾ, ಕೊನೆಗೂ ಬುದ್ಧಿ ಬಂತಲ್ಲ! ದಪ್ಪಗದೆ, ಏನೇ ಇದು?"

"ಪಟ."

"ಭೇಷ್! ಪಟ ನೋಡುದ್ರೆ ಓಡೋಡಿ ಬರ್ತಾರೆ ಮುಂಡೇವು."

ಅಂಚೆಚೀಟಿಯನ್ನು ನಾಲಿಗೆಯಿಂದ ಸವರಿ ಅವನೇ ಅಂಟಿಸಿದ. ವೆರೋನಾ ಕಿಟಕಿಯಿಂದ ನೋಡುತ್ತಿದ್ದಳು. ಬೀದಿಯ ಮೂಲೆಯ ಅಂಚೆಪೆಟ್ಟಿಗೆಗೆ ಲಕೋಟೆ ಹಾಕಿ, ಎಲ್ಲಾದರೂ ಸಿಕ್ಕಿಕೊಂಡಿದ್ದೀತೆಂದು ಅವನು ಪೆಟ್ಟಿಗೆಯನ್ನು ಅಂಗೈಯಿಂದ ಎರಡೇಟು ಬಡಿದ.