ಒಂದು ಕೋಟಿ ಒಂದು

ಮೆಣಸಿನಕಾಯಿ ಟೀಚರ್ ಎಂಬ ಹೆಸರು ಅವರಿಗೆ ಸುಮ್ಮನೆ ಬಿದ್ದದ್ದಲ್ಲ. ಮೌಲ್ಯಮಾಪನದ ಹಾಲ್‌ನಲ್ಲಿ ಅವರು ಕುರ್ಚಿ ಹಿಂದಕ್ಕೆ ನೂಕಿ ಎದ್ದ ಸದ್ದಿಗೆ ನಲವತ್ತು ಕೆಂಪು ಪೆನ್ನುಗಳು ಒಮ್ಮೆಗೇ ನಿಂತವು.

ಕೈಯಲ್ಲಿ ಯಾವುದೋ ಮಗುವಿನ ಗಣಿತದ ಉತ್ತರಪತ್ರಿಕೆ. ಒಟ್ಟು ಮೂವತ್ತಮೂರು ಬಂದಿತ್ತು, ಪಾಸಾಗಲು ಮೂವತ್ತೈದು ಬೇಕು. ಎರಡು ಅಂಕದ ಒಂದು ಪ್ರಶ್ನೆ ಹೀಗಿತ್ತು: ಒಂದು ಕೋಟಿ ಒಂದು ಅವಿಭಾಜ್ಯ ಸಂಖ್ಯೆಯೇ? ಮೇಲಿನಿಂದ ಬಂದ ಮಾದರಿ ಉತ್ತರ ‘ಹೌದು’. ಈ ಮಗು ‘ಅಲ್ಲ’ ಎಂದು ಬರೆದು, ಒಂಬತ್ತು ಲಕ್ಷದ ಒಂಬತ್ತು ಸಾವಿರದ ತೊಂಬತ್ತೊಂದನ್ನು ಹನ್ನೊಂದರಿಂದ ಗುಣಿಸಿ ತೋರಿಸಿತ್ತು. ಟೀಚರ್ ತಾವೂ ಅಂಚಿನಲ್ಲಿ ಗುಣಿಸಿದರು. ಸರಿಯಾಗಿತ್ತು.

ಮೈಯೆಲ್ಲ ಉರಿದುಹೋಯಿತು. ಮಾದರಿ ಉತ್ತರ ಬರೆದ ಮಹಾನುಭಾವ ಎರಡು, ಮೂರು, ಐದು, ಏಳರಿಂದ ಭಾಗಿಸಿ ಕೈ ತೊಳೆದುಕೊಂಡಿದ್ದ. ಹನ್ನೊಂದರ ತನಕ ಹೋಗಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಹಾಲ್‌ನ ಮುಖ್ಯಸ್ಥರು ಕನ್ನಡಕ ಹಾಕಿಕೊಂಡು ನೋಡಿದರು. ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿದರೆ ಒಂದು, ಬಿಟ್ಟವನ್ನು ಕೂಡಿದರೂ ಒಂದು, ವ್ಯತ್ಯಾಸ ಸೊನ್ನೆ. ಹನ್ನೊಂದರಿಂದ ಭಾಗವಾಗಲೇಬೇಕು.

“ಸರಿಯಾಗೇ ಇದೆ ಮೇಡಂ,” ಎಂದರು ತಣ್ಣಗೆ. “ಆದ್ರೂ ಹಾಕಿದ ಸೊನ್ನೆ ಹಾಗೇ ಇರ್ಲಿ.”

“ಎಲುಬಿಲ್ಲದ ನಾಲಿಗೆ ಅಂತ ಏನ್ ಬೇಕಾದ್ರೂ ಹೇಳೋದಾ ಸರ್?”

“ಮೂರು ದಿನದ ಕಟ್ಟುಗಳು ಸೀಲಾಗಿ ಕೆಳಗೆ ಹೋಗಿವೆ. ಒಬ್ಬರಿಗೆ ಕೊಟ್ರೆ ಎಲ್ಲಾ ಬಿಚ್ಚಬೇಕು.”

“ಬಿಚ್ಚಿ.”

“ಅದ್ರಲ್ಲಿ ನೀವು ನೋಡಿದ ಪತ್ರಿಕೆಗಳೂ ಇವೆ. ಹನ್ನೊಂದು ಅಂತ ಬರೆದವ್ರು ನಿಮಗೆ ಇವತ್ತೇ ಮೊದಲು ಸಿಕ್ಕಿದ್ದಾ?”

ಮೂರು ದಿನವೂ ಟೀಚರ್ ಆ ಪ್ರಶ್ನೆಯ ಉತ್ತರದಲ್ಲಿ ಮೊದಲ ಪದವಷ್ಟೇ ನೋಡಿದ್ದರು. ‘ಹೌದು’ ಇದ್ದರೆ ಎರಡು. ‘ಅಲ್ಲ’ ಇದ್ದರೆ ಸೊನ್ನೆ, ಕೆಳಗಿನ ಲೆಕ್ಕದ ಮೇಲೆ ಅಡ್ಡಗೆರೆ. ಈ ಪತ್ರಿಕೆಗೂ ಹಾಗೇ ಗೆರೆ ಎಳೆದಿದ್ದರು. ಎರಡೇ ಅಂಕಕ್ಕೆ ಫೇಲಾಗುತ್ತಿದೆಯಲ್ಲ ಎಂದು ಮರುಗಿ ಮತ್ತೆ ತಿರುವಿ ಓದಿದ್ದು, ಅಷ್ಟೆ. ಇಷ್ಟು ಹೊತ್ತು ಬೈದದ್ದೆಲ್ಲ ಈಗ ತಮಗೇ ಬಂದು ತಗುಲಿತು. ನನ್ನ ಕಣ್ಣು ಇಂಗಿಹೋಗ, ಅಂದುಕೊಂಡರು.

ಸೊನ್ನೆ ಹೊಡೆದುಹಾಕಿ ಎರಡು ಬರೆದು, ಪಕ್ಕದಲ್ಲಿ ಸಹಿ ಮಾಡಿ, ಆ ಪತ್ರಿಕೆಯನ್ನು ಮುಖ್ಯಸ್ಥರ ಮೇಜಿನ ಮೇಲೆ ಕುಕ್ಕಿದರು. ಆಮೇಲೆ ದಡದಡ ಮೆಟ್ಟಿಲಿಳಿದು ಸೀಲ್ ಹಾಕುವ ಕೋಣೆಗೆ ಹೋದರು. ಗುಮಾಸ್ತ ಅರಗು ಕರಗಿಸುತ್ತಿದ್ದ.

“ನನ್ನ ಮೂರು ದಿನದ ಕಟ್ಟು ತೆಗೀರಿ.”

“ಹಾಗೆಲ್ಲ ತೆಗೆಯೋಕಾಗಲ್ಲ ಮೇಡಂ. ಎಷ್ಟು ಪತ್ರಿಕೆಗೆ ತಪ್ಪಾಗಿ ಅಂಕ ಹಾಕಿದೀರ ಅಂತ ಬರ್ಕೊಡಿ, ಮೇಲಕ್ಕೆ ಕಳಿಸ್ತೀನಿ.”

ಅವನು ಬಿಳಿ ಹಾಳೆಯೊಂದನ್ನು ಮುಂದೆ ತಳ್ಳಿದ. ಟೀಚರ್ ನಿಂತೇ ಬರೆಯತೊಡಗಿದರು. ಹೆಸರು ಬರೆದರು, ದಿನಾಂಕ ಬರೆದರು, ಅಲ್ಲಿಗೆ ಪೆನ್ನು ನಿಂತಿತು.

“ಎಷ್ಟು ಮೇಡಂ?”

“ಗೊತ್ತಿಲ್ಲಪ್ಪ,” ಎಂದರು. “ನಾನು ಓದೇ ಇಲ್ಲ.”