ಚಿತ್ರದಲ್ಲಿ ತೋರಿಸಿರುವಂತೆ

ನಮ್ಮ ಓದುಮನೆಯಲ್ಲಿ ಹೊಗಳುವುದಕ್ಕೆ ಒಂದು ಜಾಗ, ತಪ್ಪು ಹೇಳುವುದಕ್ಕೆ ಒಂದು ಜಾಗ ಅಂತ ಇತ್ತು. ಹೊಗಳುವುದಾದರೆ ಮೇಲೆ ದೊಡ್ಡ ಕೋಣೆಯಲ್ಲಿ, ಎಲ್ಲರೆದುರು, ಗಟ್ಟಿಯಾಗಿ. ತಪ್ಪು ಹೇಳುವುದಾದರೆ ಕೆಳಗೆ ಮೆಟ್ಟಿಲ ಮೇಲೆ, ಇಬ್ಬರೇ ನಿಂತು, ಮೆತ್ತಗೆ. ಈ ಕಟ್ಟಳೆ ಮಾಡಿದವರು ನಮ್ಮ ಮೇಷ್ಟ್ರು, ಓದುಮನೆಯನ್ನು ಶುರು ಮಾಡಿದವರು. "ನಾವ್ಯಾರೂ ಸಂಬಳಕ್ಕೆ ಬಂದೋರಲ್ಲ. ಪುಕ್ಕಟೆ ದುಡಿಯೋರಿಗೆ ಚಪ್ಪಾಳೆನೇ ಸಂಬಳ. ಸಂಬಳನ ಯಾರೂ ಕಡಿತ ಮಾಡಬಾರದು" ಅನ್ನುತ್ತಿದ್ದರು.

ಮಾತು ಒಳ್ಳೆಯದೇ. ಆದರೆ ಆ ಮೆಟ್ಟಿಲೋ, ಒಬ್ಬರು ಇಳಿದರೆ ಇನ್ನೊಬ್ಬರು ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಳ್ಳಬೇಕು. ಅಲ್ಲಿ ನಿಂತು ಯಾರು ಯಾರಿಗೆ ಬುದ್ಧಿ ಹೇಳಿಯಾರು? ಮೇಲೆ ಚಪ್ಪಾಳೆ ಹೊಡೆಯುತ್ತಿದ್ದೆವು, ಮೆಟ್ಟಿಲನ್ನು ಬಾಯಿ ಮುಚ್ಚಿಕೊಂಡು ಇಳಿಯುತ್ತಿದ್ದೆವು.

ನಾವು ಮಾಡುತ್ತಿದ್ದ ಕೆಲಸ ಇದು: ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ರೆಕಾರ್ಡ್ ಮಾಡುವುದು. ಸೈಕಲ್ ಅಂಗಡಿಯ ಮೇಲೆ ಎರಡು ಕೋಣೆ. ಚಿಕ್ಕದರ ಗೋಡೆಗೆಲ್ಲ ಹಳೇ ರಜಾಯಿ ಹೊಡೆದು, ಮೈಕು ಇಟ್ಟಿದ್ದೆವು. ಕೆಳಗೆ ಯಾರಾದರೂ ಚಕ್ರಕ್ಕೆ ಗಾಳಿ ಹೊಡೆದರೆ ಮೇಲೆ ಓದು ನಿಲ್ಲಬೇಕು. ದೊಡ್ಡ ಕೋಣೆಯಲ್ಲಿ ಭಾನುವಾರ ಎಲ್ಲರೂ ಸೇರಿ, ಆ ವಾರ ಓದಿದ್ದನ್ನು ಸ್ವಲ್ಪ ಸ್ವಲ್ಪ ಹಾಕಿ ಕೇಳುತ್ತಿದ್ದೆವು. ಸುತ್ತ ಕೂತವರು ಒಬ್ಬೊಬ್ಬರೂ ಒಂದೊಂದು ಒಳ್ಳೇ ಮಾತು ಹೇಳಬೇಕು. ಒಂದೇ ಒಂದು, ಮತ್ತು ಒಳ್ಳೇದೇ.

ನಾನು ಬಸ್ ಕಂಡಕ್ಟರ್ ಆಗಿದ್ದವಳು. "ಮುಂದೆ ಹೋಗ್ರೀ, ಒಳಗೆ ಜಾಗ ಇದೆ" ಅಂತ ಕೂಗಿ ಕೂಗಿ ನನ್ನ ಗಂಟಲು ಜಲ್ಲಿ ಸುರಿದ ಹಾಗೆ ಆಗಿದೆ. ನನ್ನ ಸರದಿ ಬಂದಾಗ ಎಲ್ಲರೂ ಹೇಳುತ್ತಿದ್ದದ್ದು "ಸ್ಪಷ್ಟವಾಗಿದೆ" ಅಂತ. ಹೆಣ್ಣು ನೋಡಲು ಹೋದವರು ಹೊರಗೆ ಬಂದು "ಹುಡುಗಿ ಗುಣವಂತೆ" ಅನ್ನುತ್ತಾರಲ್ಲ, ಆ ಜಾತಿಯ ಹೊಗಳಿಕೆ.

ನಿಜವಾದ ಹೊಗಳಿಕೆಯೆಲ್ಲ ಜೇನುಗಂಟಲಿನವರಿಗೆ. ಹಾಗೆ ಹೆಸರಿಟ್ಟವರು ಯಾರೋ, ಅದೇ ನಿಂತಿತು. ರೈಲ್ವೆ ಸ್ಟೇಷನ್ನಿನಲ್ಲಿ ಅನೌನ್ಸರ್ ಆಗಿದ್ದವರು. ರೈಲು ತಡ ಅಂತ ಅವರು ಹೇಳಿದರೆ ಜನ ಬೈಯುವುದು ಬಿಟ್ಟು, ಇನ್ನೊಂದು ಸಲ ಹೇಳಲಿ ಅಂತ ಕಾಯುತ್ತಿದ್ದರಂತೆ. ಓದು ಅಂದರೆ ಅವರದು ಓದು! ದನಿ ಏರುತ್ತದೆ, ಇಳಿಯುತ್ತದೆ, ನಡುವೆ ಸುಮ್ಮನಾಗಿ ಕೇಳುವವರ ಉಸಿರು ಹಿಡಿಸುತ್ತದೆ. ಹಿಂದೆ ಸಣ್ಣಗೆ ಕೊಳಲಿನ ನಾದ ಬೇರೆ ಸೇರಿಸುತ್ತಿದ್ದರು. ಅವರದನ್ನು ಹಾಕಿದಾಗ, ನಮ್ಮ ಜೊತೆ ಓದುವ ಔಷಧಿ ಅಂಗಡಿಯಕ್ಕ ಕಣ್ಣೇ ಮುಚ್ಚಿಬಿಡುತ್ತಿದ್ದಳು.

ಅಂಥವರ ಪಾಲಿಗೆ ಬಂದದ್ದು ನನ್ನ ನಾದಿನಿಯ ಪುಸ್ತಕ.

ನಾದಿನಿ ಅಂದರೆ ನಮ್ಮೆಜಮಾನರ ತಂಗಿ. ಪ್ರಾಥಮಿಕ ಶಾಲೆಯ ಟೀಚರು. ಅವಳ ಕಣ್ಣು ಮೆಲ್ಲಮೆಲ್ಲಗೆ, ಸಂಜೆಯಾದ ಹಾಗೆ, ಹೋಗಿಬಿಟ್ಟಿತು. ಇಲಾಖೆಯವರು, "ಮಕ್ಕಳ ಕಲಿಕೆಯ ಮೇಲೆ ಟೀಚರುಗಳಿಗಿರುವ ಪರೀಕ್ಷೆ ಪಾಸು ಮಾಡು, ತರಗತಿ ನಿನ್ನದೇ. ಆಗಲಿಲ್ಲವೋ, ಆಫೀಸಿನಲ್ಲಿ ಫೋನ್ ಎತ್ತುವ ಕೆಲಸ ಇದೆ" ಅಂದಿದ್ದರು. "ಫೋನ್ ಎತ್ತೋದು ಕೀಳು ಕೆಲಸ ಅಂತಲ್ಲ ಅತ್ತಿಗೆ. ಆದ್ರೆ ಫೋನು ನನ್ನನ್ನ ನೋಡಿ ನಗಲ್ಲ, ಜಗಳ ಆಡಲ್ಲ, ಮೂಗು ಸುರಿಸ್ಕೊಂಡು ಬಂದು ಸೀರೆಗೆ ಒರೆಸಲ್ಲ" ಅಂದಿದ್ದಳು ಅವಳು. ಆ ಪರೀಕ್ಷೆಗೆ ಇದ್ದದ್ದು ಒಂದೇ ಪುಸ್ತಕ. ಅದನ್ನು ಜೇನುಗಂಟಲಿನವರು ಒಂದೊಂದೇ ಪಾಠ ಓದಿ ಕೊಡುತ್ತಿದ್ದರು.

ಒಂದು ಸಂಜೆ ಅಡುಗೆಮನೆಯಲ್ಲಿ ಅವಳು ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದಳು. ಪಕ್ಕದಲ್ಲಿ ಫೋನು ಕಿಚಪಿಚ ಅನ್ನುತ್ತಿತ್ತು.

"ಅದೇನೇ ಅದು, ಇಲಿ ಮರಿ ಹಾಕಿದ ಹಾಗಿದೆ?"

"ನಿಮ್ಮ ಜೇನುಗಂಟ್ಲು. ದುಪ್ಪಟ್ಟು ಸ್ಪೀಡಲ್ಲಿ ಹಾಕಿದೀನಿ."

"ಅಷ್ಟು ಚಂದದ ದನಿನ ಹಿಂಗೆ ಮಾಡೋದಾ!"

"ನೀವು ಕಣ್ಣಿದ್ದೋರು ಒಂದು ಪುಟನ ಸರ್ರನೆ ಓದಿ ಎಸೀತೀರಿ. ನಾನು ಮಾತ್ರ ಪಲ್ಲಕ್ಕಿಲಿ ಕೂತು ಹೋಗ್ಬೇಕಾ? ನಾವೆಲ್ಲ ಹೀಗೇ ಕೇಳೋದು ಅತ್ತಿಗೆ. ಈ ಸ್ಪೀಡಲ್ಲಿ ಆ ಕೊಳಲು ಸೊಳ್ಳೆ ಆಗುತ್ತೆ. ಹೋಗ್ಲಿ, ಸೊಳ್ಳೆ ತಡ್ಕೋಬಹುದು. ಇದನ್ನ ಕೇಳಿ."

ವೇಗ ಇಳಿಸಿದಳು. ಜೇನು ಹರಿಯಿತು: "ಮಗು, ಮನೆ, ಶಾಲೆ, ಸಮಾಜ... ಇವುಗಳ ಸಂಬಂಧವು... ಚಿತ್ರದಲ್ಲಿ ತೋರಿಸಿರುವಂತೆ... ಇರುತ್ತದೆ." ಕೊಳಲು. ಮುಂದಿನ ಪಾಠ.

"ಆಮೇಲೆ?" ಅಂದೆ.

"ಆಮೇಲೆ ಏನೂ ಇಲ್ಲ. ಚಿತ್ರದಲ್ಲಿ ಏನಿದೆ ಅಂತ ಹೇಳೇ ಇಲ್ಲ. ಬಂದಿರೋ ಪಾಠ ಎಲ್ಲ ಹಿಂಗೇ. ಚಿತ್ರ ನೋಡಿ, ಪಟ್ಟಿ ನೋಡಿ, ಪಕ್ಕದ ಪುಟ ನೋಡಿ. ನೋಡೋಕಾಗಿದ್ರೆ ಇವರ ಕೈಲಿ ಯಾಕೆ ಓದಿಸ್ತಿದ್ದೆ?" ಬೆಳ್ಳುಳ್ಳಿ ಸಿಪ್ಪೆಯನ್ನು ಜೋರಾಗಿ ಊದಿದಳು. "ಪರೀಕ್ಷೆಲಿ ಕೇಳೋದೇ ಆ ಚಿತ್ರಗಳ ಮೇಲೆ."

"ನಾನು ಹೇಳ್ತೀನಿ ಬಿಡು."

"ಬೇಡ! ಮುನಿಸ್ಕೊಂಡು ಇಷ್ಟೂ ಓದದೆ ಹೋದ್ರೆ?"

ಆ ಹೆದರಿಕೆ ನನಗೆ ಸಿಟ್ಟು ತರಿಸಿತು. ನನ್ನ ನಾದಿನಿ ಯಾರಿಗೂ ಹೆದರಿದವಳಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಸಾರನ್ನು ಬಾಯಿಗಿಟ್ಟು "ಅತ್ತಿಗೆ, ಇದು ಕೈ ತೊಳೆಯೋ ನೀರಾ?" ಅಂತ ಮಾವನ ಎದುರೇ ಕೇಳಿದ ಹೆಣ್ಣು. ಈಗ ಪುಕ್ಕಟೆ ಸಿಕ್ಕಿತು ಅನ್ನುವ ಒಂದೇ ಕಾರಣಕ್ಕೆ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಮೊದಲು ಮೇಷ್ಟ್ರ ಹತ್ತಿರ ಹೋದೆ. ಅವರು ಕನ್ನಡಕ ಒರೆಸುತ್ತ ಎಲ್ಲ ಕೇಳಿಸಿಕೊಂಡರು. "ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ, ಹಾಗಾಯ್ತಮ್ಮ ಇದು."

"ಮೊಳ ಹಾಕದೆ ಉಡೋದು ಹೇಗೆ ಮೇಷ್ಟ್ರೇ? ಗಿಡ್ಡ ಆದ್ರೆ ಮಾನ ಹೋಗೋದು ಉಟ್ಟೋರದ್ದು, ಕೊಟ್ಟೋರದ್ದಲ್ಲ."

ಅವರಿಗೆ ನಗು ಬಂತು. ಆದರೂ ಪಟ್ಟು ಬಿಡಲಿಲ್ಲ. "ಮೆಟ್ಟಿಲ ಮೇಲೆ ಹೇಳು. ಮೆತ್ತಗೆ."

ಮೆಟ್ಟಿಲ ಮೇಲೆ ಮೆತ್ತಗೇ ಹೇಳಿದೆ. ಜೇನುಗಂಟಲಿನವರು ಗೋಡೆಗೆ ಒರಗಿ, ಬೇಸರವಿಲ್ಲದೆ, ತಿಳಿಯದವಳಿಗೆ ತಿಳಿಸುವ ಹಾಗೆ ಅಂದರು: "ಅದು ಚಿತ್ರ, ಕಂಡಕ್ಟರಮ್ಮ. ಕಾಣದೋರಿಗೆ ಚಿತ್ರ ಹೇಳಿ ಯಾಕೆ ನೋಯಿಸ್ಬೇಕು? ಅದಕ್ಕೇ ಬಿಡ್ತೀನಿ."

ಅವರು ಸೋಮಾರಿತನದಿಂದ ಬಿಟ್ಟಿರಲಿಲ್ಲ, ಕನಿಕರದಿಂದ ಬಿಟ್ಟಿದ್ದರು. ಇಂಥ ತಪ್ಪು ಒಳ್ಳೆಯವರೇ ಮಾಡಬೇಕು, ಬೇರೆಯವರ ಕೈಲಿ ಆಗದು.

"ಅವಳಿಗೆ ನೋವಾಗಲ್ಲ, ನಪಾಸಾಗುತ್ತೆ" ಅಂದೆ.

"ನೋಡೋಣ" ಅಂದು ಇಳಿದು ಹೋದರು. ಮುಂದಿನ ಪಾಠವೂ ಹಾಗೇ ಬಂತು. ಕೊಳಲು ಇನ್ನೊಂದಿಷ್ಟು ಜಾಸ್ತಿಯಾಗಿತ್ತು.

ಆ ಭಾನುವಾರ ಮೇಷ್ಟ್ರು ಹಾಕಿದ್ದು ಅದೇ ಮಗು, ಮನೆ, ಶಾಲೆಯ ಪಾಠ. ಮುಗಿಯಿತು. ಒಬ್ಬರು "ಎದೆಗೇ ಇಳೀತು" ಅಂದರು. ಔಷಧಿ ಅಂಗಡಿಯಕ್ಕ "ಇಂಥ ದನಿಗೆ ಚೀಟಿ ಬರೆದು ಕೊಡ್ಬೇಕು, ದಿನಕ್ಕೆರಡು ಸಲ" ಅಂದಳು. ಎಲ್ಲರೂ ನಕ್ಕರು. ನನ್ನ ಸರದಿ.

"ನಿಮ್ಮ ದನಿ ಕೇಳಿದ್ರೆ ನನ್ನ ದನಿಗೇ ಹೊಟ್ಟೆಕಿಚ್ಚು. ಇದು ನಿಜವಾದ ಮಾತು, ಇದು ಒಂದನೇದು" ಅಂದೆ. "ಎರಡನೇದು..."

"ಎರಡನೇದು ಇಲ್ಲಮ್ಮ" ಅಂದರು ಮೇಷ್ಟ್ರು. "ಒಬ್ಬರಿಗೆ ಒಂದೇ."

"ಎರಡನೇದನ್ನ ಮೆಟ್ಟಿಲ ಮೇಲೆ ಹೇಳಿ ಆಗಿದೆ ಮೇಷ್ಟ್ರೇ. ಅಲ್ಲೇ ಕೂತಿದೆ ಅದು, ಮೇಲೆ ಹತ್ತಲೇ ಇಲ್ಲ. ಈಗ ಎಲ್ಲರೂ ಕೇಳಿದ್ರಲ್ಲ, ನಾನು ಪುಸ್ತಕ ತೆರೆದು ನೋಡಿದೀನಿ, ಆ ಚಿತ್ರದಲ್ಲಿ ಒಂದು ಬಾಣ ಇದೆ. ಅದು ಮಗುವಿನಿಂದ ಸಮಾಜದ ಕಡೆ ಹೋಗುತ್ತಾ, ಸಮಾಜದಿಂದ ಮಗುವಿನ ಕಡೆ ಬರುತ್ತಾ? ಯಾರಾದ್ರೂ ಹೇಳಿ."

ಕೆಳಗೆ ಪಂಪು ಉಸ್ ಉಸ್ ಅನ್ನುತ್ತಿತ್ತು.

"ಎದೆಗೆ ಇಳೀತು ಅಂದ್ರಲ್ಲ, ಎದೆಯಲ್ಲೇ ಹುಡುಕಿ ಸ್ವಲ್ಪ."

"ಸಾಕು!" ಜೇನುಗಂಟಲಿನವರ ದನಿಯಲ್ಲಿ ಆಗ ಜೇನು ಇರಲಿಲ್ಲ. ಎದ್ದು ಬಂದು ಪುಸ್ತಕವನ್ನು ನನ್ನ ಮಡಿಲಿಗೆ ಇಟ್ಟರು. "ಹೇಳೋದು ಸುಲಭ. ನೀವೇ ಓದಿ."

"ಓದ್ತೀನಿ."

"ಜಲ್ಲಿ ಸುರಿದ ಹಾಗೆ?"

"ಜಲ್ಲಿ ಸುರಿದ್ರೇನೇ ರಸ್ತೆ ಆಗೋದು."

ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದರು. ಎರಡು ವಾರ ಸುಧಾರಿಸಿಕೋ, ಆಮೇಲೆ ಬಾ ಅಂದರು. ಅವರ ಮುಖ ಸಪ್ಪಗಿತ್ತು. ಅವರಿಗೆ ಯಾರನ್ನೂ ನೋಯಿಸಿ ಗೊತ್ತಿಲ್ಲ, ಅದೇ ಅವರ ತೊಂದರೆ.

"ಮೇಷ್ಟ್ರೇ, ಸಂಬಳ ಕೊಟ್ಟಿದ್ರೆ ಸಸ್ಪೆಂಡ್ ಮಾಡ್ಬಹುದಿತ್ತು" ಅಂದೆ. "ಪುಕ್ಕಟೆ ಬರೋಳನ್ನ ಹೇಗೆ ತಡೀತೀರಿ? ನಾಳೆ ಬೆಳಿಗ್ಗೆ ಮೈಕಿನ ಕೋಣೆ ಖಾಲಿ ಇರುತ್ತಲ್ವಾ?"

ಆ ವಾರವೆಲ್ಲ ನಾನು ರಜಾಯಿಗಳ ನಡುವೆ ಬೆವರುತ್ತ ಕೂತೆ. ಓದುವುದು ಸುಲಭ, ಚಿತ್ರವನ್ನು ಹೇಳುವುದಿದೆಯಲ್ಲ, ಅದು ಕಷ್ಟ. ನಾಲ್ಕು ವೃತ್ತ, ಒಂದರೊಳಗೊಂದು. ಎಲ್ಲಿಂದ ಶುರು ಮಾಡುವುದು? ಹೇಗೋ ಮಾಡಿ ಮನೆಗೆ ತಂದು ನಾದಿನಿಗೆ ಕೊಟ್ಟೆ. ಕೇಳಿದಳು. ನಾನು ಬಾಗಿಲಲ್ಲಿ ನಿಂತಿದ್ದೆ, ಹೊಗಳಲಿ ಅಂತಲೇ, ಸುಳ್ಳು ಯಾಕೆ.

"ಅತ್ತಿಗೆ, ಇದು ಪಾಠನಾ, ಬಸ್ ಸ್ಟಾಪಾ? 'ಮಗು! ಮನೆ! ಶಾಲೆ!' ಅಂತ ಕೂಗಿದೀರಿ. ನಾನು ಎಲ್ಲಿ ಇಳೀಬೇಕು?"

"ಅಷ್ಟು ಕಷ್ಟಪಟ್ಟು ಓದಿದೀನಿ ಕಣೇ!"

"ಈಗ ನೀವೂ ಜೇನುಗಂಟ್ಲಿನವರ ಹಾಗೆ ಮುನಿಸ್ಕೋತೀರಾ?" ಅಂದಳು.

ಉರಿಯಿತು, ನಿಜವಾಗಿ ಉರಿಯಿತು. ಜೇನುಗಂಟಲಿನವರಿಗೆ ಎಂಟು ಜನರೆದುರು ಎಷ್ಟು ಉರಿದಿರಬೇಕು ಅಂತ ಆಗ ತಿಳಿಯಿತು. ತಿಳಿದರೂ, ಹೇಳಬಾರದಿತ್ತು ಅಂತ ಮಾತ್ರ ಅನ್ನಿಸಲಿಲ್ಲ.

"ಮುಂದಿನ ಭಾನುವಾರ ನೀನೂ ಬಾ" ಅಂದೆ.

"ಅಲ್ಲಿಗೆ ಕೇಳೋರು ಯಾರಾದ್ರೂ ಬರ್ತಾರಾ?"

ಯೋಚಿಸಿದೆ. ಇಷ್ಟು ವರ್ಷ ಓದಿದ್ದೇವೆ, ಯಾರಿಗೋಸ್ಕರ ಓದುತ್ತೇವೋ ಅವರಲ್ಲಿ ಒಬ್ಬರೂ ಆ ಕೋಣೆಗೆ ಬಂದಿರಲಿಲ್ಲ. ಮೆಟ್ಟಿಲು ಕಡಿದಾದದ್ದು, ಪಾಪ, ಅವರಿಗೆ ಯಾಕೆ ತೊಂದರೆ ಅಂತ ನಾವೇ ಅಂದುಕೊಂಡಿದ್ದೆವು. ಓದುವವರೂ ನಾವೇ, ಕೇಳುವವರೂ ನಾವೇ, ಚಪ್ಪಾಳೆಯೂ ನಮ್ಮದೇ.

ಭಾನುವಾರ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ನನ್ನ ಭುಜ ಹಿಡಿದು ನಾದಿನಿ ಮೆಟ್ಟಿಲು ಹತ್ತಿದಳು. ನಡುವಿನಲ್ಲಿ ನಿಂತು, "ಇದೇನಾ ನಿಮ್ಮ ತಪ್ಪು ಹೇಳೋ ಜಾಗ? ಗಾಳಿನೇ ಇಲ್ಲ" ಅಂದಳು. ಮೇಲೆ ಎಲ್ಲರೂ ಧಡಬಡನೆ ಎದ್ದರು. ಮೇಷ್ಟ್ರು ಕುರ್ಚಿ ಎಳೆದುಕೊಟ್ಟರು. ಜೇನುಗಂಟಲಿನವರು ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. ಬಂದಿದ್ದರು, ಅದೇ ದೊಡ್ಡದು.

"ಮೊದಲು ನನ್ನದು ಹಾಕಿ" ಅಂದೆ.

ಮೇಷ್ಟ್ರು ಹಾಕಿದರು. ಮುಗಿದ ಮೇಲೆ ಎಲ್ಲರೂ ಅಭ್ಯಾಸಬಲದಿಂದ "ಸ್ಪಷ್ಟವಾಗಿದೆ" ಅಂದರು. ಕಿಟಕಿಯ ಕಡೆಯಿಂದ ಒಂದು ದನಿ ಬಂತು.

"ಸ್ಪಷ್ಟವಾಗಿಲ್ಲ."

ಮೇಷ್ಟ್ರ ಕೈ ಚಪ್ಪಾಳೆಗೆ ಎದ್ದದ್ದು ಹಾಗೇ ನಿಂತಿತು.

"ವೃತ್ತನ ಹೊರಗಿಂದ ಹೇಳಿದೀರಿ, ಬಾಣನ ಒಳಗಿಂದ ಹೇಳಿದೀರಿ" ಅಂದರು ಜೇನುಗಂಟಲಿನವರು, ಇನ್ನೂ ತಿರುಗದೆ. "ಕೇಳೋರು ಎಲ್ಲಿ ನಿಂತ್ಕೋಬೇಕು? ಪ್ಲಾಟ್‌ಫಾರಂ ಒಂದು ಅಂತ ಹೇಳಿ ರೈಲನ್ನ ಮೂರಕ್ಕೆ ತಂದ ಹಾಗಿದೆ."

ನನ್ನ ಕಿವಿ ಬಿಸಿಯಾಯಿತು. "ಹಾಗಾದ್ರೆ ಎಲ್ಲಿಂದ ಶುರು ಮಾಡ್ಬೇಕು?"

"ಮಗುವಿನಿಂದ. ನಡುವಿನಿಂದ."

"ಹೌದು" ಅಂದಳು ನಾದಿನಿ. "ಅವರು ಹೇಳೋದು ಸರಿ ಅತ್ತಿಗೆ."

ಆಗ ಅವರು ತಿರುಗಿದರು. ಅವಳನ್ನು ನೋಡಿದ್ದು ಅದೇ ಮೊದಲು. "ನಿಮಗೆ... ಚಿತ್ರ ಹೇಳಿದ್ರೆ ಬೇಜಾರಾಗಲ್ವಾ ತಾಯಿ?"

"ಹೇಳದೆ ಬಿಟ್ರಿ ನೋಡಿ, ಆಗ ಬೇಜಾರಾಯ್ತು ಸಾರ್. ಕಣ್ಣು ಹೋಗಿದೆ, ಕುತೂಹಲ ಹೋಗಿಲ್ಲ. ಇನ್ನೊಂದು, ಆ ಕೊಳಲು."

"ಕೊಳಲು ಇರುತ್ತೆ" ಅಂದರು ಬಿಗಿಯಾಗಿ.

"ಹೋಗುತ್ತೆ" ಅಂದಳು ಅವಳು ಅಷ್ಟೇ ಬಿಗಿಯಾಗಿ, ಮತ್ತು ಫೋನು ತೆಗೆದು ಅವರ ಪಾಠವನ್ನು ದುಪ್ಪಟ್ಟು ವೇಗದಲ್ಲಿ ಹಾಕಿದಳು.

ಸೊಳ್ಳೆ ಗುಂಯ್ ಅಂದಿತು. ಔಷಧಿ ಅಂಗಡಿಯಕ್ಕ ಮೊದಲು ನಕ್ಕಳು, ಬಾಯಿಗೆ ಸೆರಗು ಒತ್ತಿಕೊಂಡಳು, ಆದರೂ ತಡೆಯಲಾಗಲಿಲ್ಲ. ಜೇನುಗಂಟಲಿನವರು ಹುಬ್ಬು ಗಂಟಿಕ್ಕಿ ಕೊನೆಯವರೆಗೂ ಕೇಳಿದರು. ನಗಲಿಲ್ಲ. ಅವರು ಕ್ಷಮೆ ಕೇಳಿದರು ಅಂತ ಬರೆದರೆ ಸುಳ್ಳಾಗುತ್ತದೆ. ನಾನೂ ಕೇಳಲಿಲ್ಲ. ಅವರು ಎದ್ದು ಬಂದು ನನ್ನ ಮಡಿಲಿನಿಂದ ಪುಸ್ತಕ ಎತ್ತಿಕೊಂಡರು, ಅಷ್ಟೇ.

"ಪರೀಕ್ಷೆ ಯಾವತ್ತು?"

"ಇಪ್ಪತ್ತು ದಿನ ಇದೆ."

"ಚಿತ್ರ ಎಷ್ಟಿವೆ?"

"ನಂಗೇನು ಗೊತ್ತು ಸಾರ್, ನೀವೇ ಹೇಳ್ಬೇಕು."

ಮೇಷ್ಟ್ರಿಗೆ ಏನು ಮಾಡಬೇಕು ಅಂತ ತೋಚದೆ, "ಇವರಿಬ್ಬರ ಮಾತಿಗೂ ಒಂದು ಚಪ್ಪಾಳೆ..." ಅಂತ ಶುರು ಮಾಡಿದರು.

"ಮೇಷ್ಟ್ರೇ, ತಡೀರಿ" ಅಂದಳು ನಾದಿನಿ. ಕೋಲನ್ನು ಕುರ್ಚಿಗೆ ಒರಗಿಸಿ, ಎಷ್ಟೋ ತಿಂಗಳ ಮೇಲೆ ತರಗತಿಯ ದನಿ ತೆಗೆದಳು. "ಇಬ್ಬರೂ ಆ ಕೋಣೆಗೆ ನಡೀರಿ. ಅತ್ತಿಗೆ ಪಾಠ ಓದ್ತಾರೆ, ಸಾರ್ ಚಿತ್ರ ಹೇಳ್ತಾರೆ. ನಾನು ಬಾಗಿಲಲ್ಲಿ ಕೂತಿರ್ತೀನಿ. ಅರ್ಥ ಆಗಲಿಲ್ಲ ಅಂದ್ರೆ ಬಾಗಿಲು ತಟ್ತೀನಿ, ಮತ್ತೆ ಓದ್ಬೇಕು. ಎಷ್ಟು ಸಲ ಆದ್ರೂ."

ಜೇನುಗಂಟಲಿನವರೂ ನಾನೂ ಒಬ್ಬರ ಮುಖ ಒಬ್ಬರು ನೋಡದೆ ರಜಾಯಿಗಳ ನಡುವೆ ಹೋಗಿ ಕೂತೆವು. ಮೈಕು ಒಂದೇ, ಮಂಡಿಗೆ ಮಂಡಿ ತಾಗುತ್ತಿತ್ತು. ಅವರು ನಾಲ್ಕು ವೃತ್ತದ ಪುಟ ತೆರೆದರು, ಗಂಟಲು ಸರಿ ಮಾಡಿಕೊಂಡರು.

"ನಡುವೆ ಮಗು ಇದೆ" ಅಂದರು.

ಬಾಗಿಲು ತಟ್ಟಿದ ಸದ್ದಾಯಿತು. "ಸಾರ್, ಎಷ್ಟು ದೊಡ್ಡದು?"